ಕಲಿಕೆಯ ದಿನಚರಿ ಮತ್ತು ಬ್ಲಾಗಿನ ಪರಿಭಾಷೆ

ಯಾವ ಶಾಸ್ತ್ರವನ್ನು ಅಭ್ಯಾಸ ಮಾಡಬೇಕಾದರೂ ಮೊದಲು ಅದರ ಪರಿಭಾಷೆಯನ್ನು ಚೆನ್ನಾಗಿ ತಿಳಿದುಕೊಳ್ಳಬೇಕು. ದಿನಬಳಕೆಯ ಮಾತಿನಲ್ಲಿ ದ್ರವ್ಯರಾಶಿ, ತೂಕ ಎರಡೂ ಒಂದೇ. ಭೌತಶಾಸ್ತ್ರದಲ್ಲಿ ಅವು ಬೇರೆ ಬೇರೆ. ಈ ಭೇದವನ್ನು ಗಮನಿಸದ ವಿದ್ಯಾರ್ಥಿಯು ಮುಂದಿನ ಪಾಠಗಳಲ್ಲೆಲ್ಲ ಎಡವುತ್ತಾನೆ. ಅಂತರಜಾಲದಲ್ಲಿ ಕಲಿಕೆಯ ದಿನಚರಿಯನ್ನು ಬರೆದಿಡುವ ವಿದ್ಯಾರ್ಥಿಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಪೋಸ್ಟ್ ಎಂದರೇನು, ಪೇಜ್ ಎಂದರೇನು? ಕೆಟಗರಿಗೂ ಟ್ಯಾಗಿಗೂ ಏನು ವ್ಯತ್ಯಾಸ? ಡ್ರಾಫ್ಟ್ ಆಗಿ ಉಳಿದ ಬರಹಕ್ಕೂ ಪ್ರೈವೇಟ್ ಆದ ಬರಹಕ್ಕೂ ಭೇದವುಂಟೆ? ಈ ಪದಗಳು ಬರಹದ ವೇದಿಕೆಯ ಗುಂಡಿಗಳ ಮೇಲೆ ನಿತ್ಯವೂ ಕಣ್ಣಿಗೆ ಬೀಳುತ್ತವೆ. ಅವುಗಳ ಅರ್ಥವನ್ನು ವಿಚಾರಿಸದೆ ಗುಂಡಿಯನ್ನು ಒತ್ತುವುದರಿಂದ ಅರೆಬರೆ ಬರಹವು ಲೋಕದ ಕಣ್ಣಿಗೆ ಬೀಳಬಹುದು, ಅಥವಾ ವರ್ಷದ ದುಡಿಮೆಯೇ ಕೈತಪ್ಪಿ ಹೋಗಬಹುದು. ಆದ್ದರಿಂದ ಈ ಪದಗಳನ್ನು ಒಂದೊಂದಾಗಿ ಎತ್ತಿಕೊಂಡು, ಅವುಗಳ ಹಿಂದಿರುವ ಕಾರಣವನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ದಿನಚರಿಯ ಮೂರು ಗುಣಗಳು

ಕಲಿತದ್ದನ್ನು ಅಂದಂದೇ ಬರೆದಿಡುವ ಪದ್ಧತಿಯು ಗಣಕಯಂತ್ರಕ್ಕಿಂತ ಬಹಳ ಹಳೆಯದು. ವಿಜ್ಞಾನದ ಇತಿಹಾಸದಲ್ಲಿ ಇದಕ್ಕೆ ಅತ್ಯುತ್ತಮ ನಿದರ್ಶನವೆಂದರೆ ಮೈಕೇಲ್ ಫ್ಯಾರಡೆಯ ದಿನಚರಿ. ೧೭೯೧ರಲ್ಲಿ ಕಮ್ಮಾರನೊಬ್ಬನ ಮಗನಾಗಿ ಹುಟ್ಟಿದ ಫ್ಯಾರಡೆಗೆ ಶಾಲೆಯ ಓದು ಹೆಚ್ಚಾಗಿ ದೊರೆಯಲಿಲ್ಲ. ಪುಸ್ತಕಕ್ಕೆ ರಟ್ಟು ಕಟ್ಟುವವನ ಬಳಿ ಕೆಲಸ ಕಲಿಯುತ್ತಾ, ಕೈಗೆ ಬಂದ ಪುಸ್ತಕಗಳನ್ನೇ ಓದಿ ಅವನು ವಿಜ್ಞಾನವನ್ನು ಸಂಪಾದಿಸಿಕೊಂಡನು. ಮುಂದೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ನಡೆಸಿದ ಪ್ರಯೋಗಗಳನ್ನೆಲ್ಲ, ಸಫಲವಾದವುಗಳಂತೆಯೇ ವಿಫಲವಾದವುಗಳನ್ನೂ, ತಾರೀಖು ಹಾಕಿ ಬರೆದಿಟ್ಟನು. ವಿದ್ಯುತ್ಕಾಂತ ಪ್ರೇರಣೆಯನ್ನು ಕಂಡ ೧೮೩೧ರ ಆಗಸ್ಟ್ ೨೯ರ ಬರಹವೂ ಅದರಲ್ಲಿ ಉಂಟು. ೧೮೩೨ರಿಂದ ಅವನು ಪ್ರತಿಯೊಂದು ಕಂಡಿಕೆಗೂ ಅನುಕ್ರಮ ಸಂಖ್ಯೆಯನ್ನು ಕೊಡುತ್ತಾ ಹೋದನು. ಆ ಸಂಖ್ಯೆಯು ಕೊನೆಗೆ ೧೬,೦೪೧ನ್ನು ಮುಟ್ಟಿತು. ಈ ದಿನಚರಿಯು ೧೯೩೨ರಿಂದ ೧೯೩೬ರವರೆಗೆ ಏಳು ಸಂಪುಟಗಳಲ್ಲಿ ಅಚ್ಚಾಯಿತು.

ನಮ್ಮ ದೇಶದಲ್ಲಿಯೂ ಇಂತಹ ಉದಾಹರಣೆಯುಂಟು. ಕಲ್ಕತ್ತೆಯಲ್ಲಿ ೧೯೨೮ರ ಫೆಬ್ರವರಿಯಲ್ಲಿ ಸಿ. ವಿ. ರಾಮನ್ ಅವರು ಬೆಳಕಿನ ಚದರಿಕೆಯಲ್ಲಿ ಹೊಸ ಪರಿಣಾಮವನ್ನು ಕಂಡುಹಿಡಿದ ದಿನಗಳಲ್ಲಿ, ಅವರ ಸಹೋದ್ಯೋಗಿ ಕೆ. ಎಸ್. ಕೃಷ್ಣನ್ ಅವರು ದಿನಚರಿಯನ್ನು ಬರೆದಿಟ್ಟಿದ್ದರು. ಯಾವ ದಿನ ಯಾವ ವಿಚಾರ ಹೊಳೆಯಿತು, ಯಾವ ಪ್ರಯೋಗ ನಡೆಯಿತು ಎಂಬುದನ್ನು ಅರಿಯಲು ಆ ಬರಹಗಳು ಇಂದಿಗೂ ಆಧಾರವಾಗಿವೆ.

ಈ ದಿನಚರಿಗಳನ್ನು ನೋಡಿದರೆ ಒಳ್ಳೆಯ ದಾಖಲೆಗೆ ಇರಬೇಕಾದ ಮೂರು ಗುಣಗಳು ತಿಳಿದುಬರುತ್ತವೆ. ಒಂದು, ಪ್ರತಿಯೊಂದು ಬರಹಕ್ಕೂ ತಾರೀಖು ಇರಬೇಕು. ಎರಡು, ಪ್ರತಿಯೊಂದು ಬರಹವನ್ನೂ ಬೆರಳಿಟ್ಟು ತೋರಿಸಲು ಬದಲಾಗದ ಗುರುತು ಇರಬೇಕು. ಮೂರು, ಇಂದಿನ ಬರಹದಿಂದ ಹಿಂದಿನ ಬರಹಕ್ಕೆ ಹೋಗಲು ದಾರಿಯಿರಬೇಕು. ಮುಂದೆ ಬರುವ ಪರಿಭಾಷೆಯಲ್ಲಿ ಬಹುಭಾಗ ಈ ಮೂರು ಅಗತ್ಯಗಳಿಂದಲೇ ಹುಟ್ಟಿದೆ.

ಬ್ಲಾಗ್ ಎಂಬ ಮಾತಿನ ಹುಟ್ಟು

ಮೊದಲು ಬ್ಲಾಗ್ ಎಂಬ ಪದವನ್ನೇ ನೋಡೋಣ. ಹಿಂದಿನ ಕಾಲದ ನಾವಿಕರು ಹಡಗಿನ ವೇಗವನ್ನು ಅಳೆಯಲು ಸಮಾನ ಅಂತರಗಳಲ್ಲಿ ಗಂಟು ಹಾಕಿದ ಹಗ್ಗಕ್ಕೆ ಮರದ ತುಂಡೊಂದನ್ನು ಕಟ್ಟಿ ಹಿಂದಕ್ಕೆ ಎಸೆಯುತ್ತಿದ್ದರು. ತುಂಡು ನೀರಿನಲ್ಲಿ ನಿಲ್ಲುತ್ತಿತ್ತು, ಹಡಗು ಮುಂದೆ ಸಾಗುತ್ತಿತ್ತು. ಮರಳು ಗಡಿಯಾರ ಬರಿದಾಗುವುದರೊಳಗೆ ಎಷ್ಟು ಗಂಟುಗಳು ಕೈಯಿಂದ ಜಾರಿದುವು ಎಂಬ ಎಣಿಕೆಯೇ ವೇಗ. ಮರದ ತುಂಡಿಗೆ ಇಂಗ್ಲಿಷಿನಲ್ಲಿ ಲಾಗ್ ಎಂದು ಹೆಸರು. ಆ ವೇಗವನ್ನು ದಿನದಿನವೂ ಬರೆದಿಡುತ್ತಿದ್ದ ಪುಸ್ತಕಕ್ಕೂ ಅದೇ ಹೆಸರು ನಿಂತಿತು. ಗಣಿತದ ಲಾಗರಿತಮ್ಮಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಜಿನೀವಾದ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ ೧೯೮೯ರಲ್ಲಿ ಸೂಚಿಸಿದ ವ್ಯವಸ್ಥೆಯು ವರ್ಲ್ಡ್ ವೈಡ್ ವೆಬ್ ಎಂದು ಹೆಸರಾಯಿತು. ಆ ಜಾಲದಲ್ಲಿ ತಾನು ಕಂಡ ವಿಷಯಗಳನ್ನು ತಾರೀಖಿನಂತೆ ಪಟ್ಟಿಮಾಡುತ್ತಿದ್ದ ಯಾರ್ನ್ ಬಾರ್ಗರ್ ಎಂಬಾತನು ೧೯೯೭ರ ಡಿಸೆಂಬರಿನಲ್ಲಿ ತನ್ನ ಪಟ್ಟಿಯನ್ನು ವೆಬ್‌ಲಾಗ್ ಎಂದು ಕರೆದನು. ೧೯೯೯ರಲ್ಲಿ ಪೀಟರ್ ಮರ್ಹೋಲ್ಜ್ ಎಂಬಾತನು ಆ ಪದವನ್ನು ವಿನೋದಕ್ಕಾಗಿ ಬೇರೊಂದು ಕಡೆ ಕತ್ತರಿಸಿ, ವೀ ಬ್ಲಾಗ್ ಎಂದು ಓದಿದನು. ವಿನೋದವೇ ರೂಢಿಯಾಗಿ ಬ್ಲಾಗ್ ಎಂಬ ಪದ ಉಳಿಯಿತು. ಅದೇ ವರ್ಷದ ಆಗಸ್ಟಿನಲ್ಲಿ ಬ್ಲಾಗರ್ ಎಂಬ ವೇದಿಕೆ ಆರಂಭವಾಯಿತು. ೨೦೦೩ರಲ್ಲಿ ಗೂಗಲ್ ಸಂಸ್ಥೆ ಅದನ್ನು ಕೊಂಡುಕೊಂಡಿತು. ೨೦೦೩ರ ಮೇ ತಿಂಗಳಲ್ಲಿ ವರ್ಡ್‌ಪ್ರೆಸ್ ಹೊರಬಂದಿತು. ವಿದ್ಯಾರ್ಥಿಗಳು ಇಂದು ಬಳಸುವ ಪರಿಭಾಷೆಯ ಬಹುಪಾಲು ಈ ಎರಡು ವೇದಿಕೆಗಳಿಂದ ರೂಢಿಗೆ ಬಂದುದಾಗಿದೆ.

ವೇದಿಕೆ, ಸರ್ವರ್, ಡೊಮೇನ್

ವೇದಿಕೆ ಅಥವಾ ಪ್ಲಾಟ್‌ಫಾರಂ ಎಂದರೆ ಬರಹವನ್ನು ಸ್ವೀಕರಿಸಿ, ಕ್ರಮವಾಗಿ ಶೇಖರಿಸಿ, ಕೇಳಿದವರಿಗೆ ಪುಟದ ರೂಪದಲ್ಲಿ ಒದಗಿಸುವ ತಂತ್ರಾಂಶ. ಈ ತಂತ್ರಾಂಶವು ಹಗಲಿರುಳೂ ಚಾಲನೆಯಲ್ಲಿರುವ ಒಂದು ಗಣಕಯಂತ್ರದಲ್ಲಿ ನೆಲೆಸಿರುತ್ತದೆ. ಆ ಯಂತ್ರವೇ ಸರ್ವರ್. ನಿಮ್ಮ ಬರಹವು ನಿಮ್ಮ ಮೊಬೈಲಿನಲ್ಲಿ ಇರುವಂತೆ ತೋರಿದರೂ ವಾಸ್ತವವಾಗಿ ಅದು ಇರುವುದು ದೂರದ ಸರ್ವರಿನಲ್ಲಿ.

ಸರ್ವರನ್ನು ಸಂಸ್ಥೆಯೇ ನೋಡಿಕೊಂಡು, ನಿಮಗೆ ಬರೆಯಲು ಮಾತ್ರ ಸ್ಥಳ ಕೊಟ್ಟರೆ ಅದು ಬಾಡಿಗೆಯ ಮನೆಯಂತೆ. ಸುಣ್ಣಬಣ್ಣದ ಚಿಂತೆ ನಿಮಗಿಲ್ಲ. ಆದರೆ ಮನೆಯವರ ನಿಯಮಗಳಿಗೆ ನೀವು ಒಳಪಟ್ಟಿರುತ್ತೀರಿ. ಸರ್ವರಿನಲ್ಲಿ ಸ್ಥಳವನ್ನು ನೀವೇ ಹಣ ಕೊಟ್ಟು ಪಡೆದು ತಂತ್ರಾಂಶವನ್ನು ಸ್ಥಾಪಿಸಿಕೊಂಡರೆ ಅದು ನಿವೇಶನ ಪಡೆದು ಮನೆ ಕಟ್ಟಿಸಿದಂತೆ. ಸ್ವಾತಂತ್ರ್ಯ ಹೆಚ್ಚು, ಹೊಣೆಯೂ ಹೆಚ್ಚು. ವಿದ್ಯಾರ್ಥಿಯ ದಿನಚರಿಗೆ ಮೊದಲನೆಯ ಬಗೆಯೇ ಸಾಕು.

ಜಾಲದಲ್ಲಿ ಪ್ರತಿಯೊಂದು ಸರ್ವರಿಗೂ ಸಂಖ್ಯಾರೂಪದ ವಿಳಾಸವೊಂದು ಇರುತ್ತದೆ. ಸಂಖ್ಯೆಯನ್ನು ನೆನಪಿಡುವುದು ಕಷ್ಟವಾದುದರಿಂದ ಅದಕ್ಕೆ ಹೆಸರೊಂದನ್ನು ಜೋಡಿಸುತ್ತಾರೆ, ಅದು ಡೊಮೇನ್. ಹೆಸರು ಕೊಟ್ಟರೆ ಸಂಖ್ಯೆಯನ್ನು ತಿಳಿಸುವ ಕೈಪಿಡಿಯಂತಹ ವ್ಯವಸ್ಥೆಯು ಜಾಲದಲ್ಲಿ ಸದಾ ಕೆಲಸ ಮಾಡುತ್ತಿರುತ್ತದೆ. ಇನ್ನು ಡ್ಯಾಶ್‌ಬೋರ್ಡ್ ಎಂಬುದು ಬರಹಗಾರನಿಗೆ ಮಾತ್ರ ಕಾಣುವ ಒಳಕೋಣೆ. ಓದುಗನು ನೋಡುವುದು ರಂಗಸ್ಥಳವನ್ನು. ಬರಹಗಾರನು ಕೆಲಸ ಮಾಡುವುದು ಈ ನೇಪಥ್ಯದಲ್ಲಿ.

ಪೋಸ್ಟ್ ಮತ್ತು ಪೇಜ್

ಪೋಸ್ಟ್ ಎಂದರೆ ತಾರೀಖು ಹೊತ್ತ ಒಂದು ಬರಹ. ಕಲಿಕೆಯ ದಿನಚರಿಯ ಮೂಲ ಘಟಕ ಇದು. ಹೊಸ ಪೋಸ್ಟು ಬಂದಂತೆಲ್ಲ ಹಳೆಯದು ಕೆಳಕ್ಕೆ ಸರಿಯುತ್ತದೆ. ಕಾಗದದ ದಿನಚರಿಯಲ್ಲಿ ಮೊದಲ ದಿನದ ಬರಹ ಮೊದಲ ಪುಟದಲ್ಲಿರುತ್ತದೆ. ಬ್ಲಾಗಿನಲ್ಲಿ ಇಂದಿನ ಬರಹವೇ ಮೇಲಿರುತ್ತದೆ. ಇದನ್ನು ವಿಲೋಮ ಕಾಲಾನುಕ್ರಮವೆನ್ನಬಹುದು. ಹಳೆಯ ಪೋಸ್ಟುಗಳು ತಿಂಗಳು, ವರ್ಷಗಳಂತೆ ಗುಂಪಾಗಿ ಇರುವ ಸ್ಥಳಕ್ಕೆ ಆರ್ಕೈವ್ ಎಂದು ಹೆಸರು.

ಪೇಜ್ ಎಂಬುದು ಈ ಹರಿವಿಗೆ ಸೇರದೆ ನಿಂತಲ್ಲಿಯೇ ನಿಂತಿರುವ ಪುಟ. "ಈ ದಿನಚರಿಯ ವಿಷಯ", "ಪಠ್ಯಕ್ರಮ", "ಉಪಯೋಗಿಸಿದ ಸಂಕೇತಗಳು" ಇತ್ಯಾದಿಗಳನ್ನು ಪೇಜಿನಲ್ಲಿ ಬರೆಯಬೇಕು. ಪ್ರಯೋಗಶಾಲೆಯ ದಾಖಲೆ ಪುಸ್ತಕದ ರಟ್ಟಿನ ಒಳಬದಿಯಲ್ಲಿ ಸ್ಥಿರಾಂಕಗಳ ಪಟ್ಟಿಯನ್ನು ಅಂಟಿಸಿರುತ್ತಾರೆ; ಪ್ರತಿವಾರದ ಪ್ರಯೋಗವನ್ನು ಒಳಪುಟಗಳಲ್ಲಿ ಬರೆಯುತ್ತಾರೆ. ಮೊದಲನೆಯದು ಪೇಜ್, ಎರಡನೆಯದು ಪೋಸ್ಟ್. ಇಂದು ಏನು ಕಲಿತೆ ಎಂಬುದನ್ನು ಪೇಜಿನಲ್ಲಿ ಬರೆದರೆ ಅದು ಕಾಲಾನುಕ್ರಮಕ್ಕೆ ಸೇರದೆ ಮೂಲೆಯಲ್ಲಿ ಉಳಿದುಬಿಡುತ್ತದೆ.

ಪೋಸ್ಟಿಗೆ ಎರಡು ಮುಖ್ಯ ಅವಸ್ಥೆಗಳುಂಟು. ಡ್ರಾಫ್ಟ್ ಎಂದರೆ ಕರಡು. ಅದು ಸರ್ವರಿನಲ್ಲಿ ಉಳಿದಿದ್ದರೂ ಓದುಗರಿಗೆ ಕಾಣುವುದಿಲ್ಲ. ಪಬ್ಲಿಶ್ ಎಂಬ ಗುಂಡಿಯನ್ನು ಒತ್ತಿದರೆ ಕರಡು ಪ್ರಕಟಣೆಯಾಗುತ್ತದೆ. ಮುಂದಿನ ತಾರೀಖೊಂದನ್ನು ಗೊತ್ತುಮಾಡಿ ಆ ಹೊತ್ತಿಗೆ ತಾನಾಗಿಯೇ ಪ್ರಕಟವಾಗುವಂತೆ ಮಾಡುವ ಏರ್ಪಾಡಿಗೆ ಷೆಡ್ಯೂಲ್ ಎಂದು ಹೆಸರು.

ಕೆಟಗರಿ ಮತ್ತು ಟ್ಯಾಗ್

ಯಾವ ಪಠ್ಯಪುಸ್ತಕವನ್ನಾದರೂ ತೆರೆದು ನೋಡಿ. ಆರಂಭದಲ್ಲಿ ಪರಿವಿಡಿಯಿದೆ, ಕೊನೆಯಲ್ಲಿ ಪದಸೂಚಿಯಿದೆ. ಪರಿವಿಡಿಯಲ್ಲಿ ಯಂತ್ರಶಾಸ್ತ್ರ, ಉಷ್ಣ, ಬೆಳಕು, ವಿದ್ಯುತ್ತು ಎಂದು ಹತ್ತಿಪ್ಪತ್ತು ತಲೆಬರಹಗಳು ಮಾತ್ರ ಇರುತ್ತವೆ. ಪದಸೂಚಿಯಲ್ಲಿ ನೂರಾರು ಪದಗಳಿರುತ್ತವೆ. ಒಂದೇ ಪದದ ಮುಂದೆ ಬೇರೆ ಬೇರೆ ಅಧ್ಯಾಯಗಳ ಪುಟಸಂಖ್ಯೆಗಳು ಇರಬಹುದು. ಕೆಟಗರಿ ಎಂಬುದು ಪರಿವಿಡಿಯ ತಲೆಬರಹದಂತೆ. ಟ್ಯಾಗ್ ಎಂಬುದು ಪದಸೂಚಿಯ ಪದದಂತೆ.

ಸರಳ ಲೋಲಕದ ಪ್ರಯೋಗವನ್ನು ಬರೆದ ವಿದ್ಯಾರ್ಥಿನಿಯು ಅದನ್ನು ಯಂತ್ರಶಾಸ್ತ್ರ ಎಂಬ ಕೆಟಗರಿಯಲ್ಲಿ ಇಡುತ್ತಾಳೆ. ಆಂದೋಲನ, ಗುರುತ್ವ, ಅಳತೆಯ ದೋಷ ಎಂಬ ಟ್ಯಾಗುಗಳನ್ನು ಹಚ್ಚುತ್ತಾಳೆ. ಮೂರು ತಿಂಗಳ ತರುವಾಯ ಮಸೂರದ ನಾಭ್ಯಂತರವನ್ನು ಅಳೆದಾಗ ಅದು ಬೆಳಕು ಎಂಬ ಬೇರೆ ಕೆಟಗರಿಗೆ ಸೇರುತ್ತದೆ. ಆದರೆ ಅಳತೆಯ ದೋಷ ಎಂಬ ಟ್ಯಾಗು ಅಲ್ಲಿಯೂ ಸಲ್ಲುತ್ತದೆ. ಆ ಟ್ಯಾಗನ್ನು ಒತ್ತಿದರೆ ವರ್ಷದುದ್ದಕ್ಕೂ ಅವಳು ಎಲ್ಲೆಲ್ಲಿ, ಯಾವ ಬಗೆಯಲ್ಲಿ ತಪ್ಪಳತೆ ಮಾಡಿದಳೆಂಬುದು ಒಂದೇ ಪಟ್ಟಿಯಲ್ಲಿ ಎದುರು ನಿಲ್ಲುತ್ತದೆ. ಯಾವ ಪಠ್ಯಪುಸ್ತಕವೂ ಕೊಡಲಾರದ ಅಧ್ಯಾಯವಿದು. ಬ್ಲಾಗರ್ ವೇದಿಕೆಯಲ್ಲಿ ಈ ಎರಡರ ಕೆಲಸವನ್ನೂ ಲೇಬಲ್ ಎಂಬ ಒಂದೇ ಪದ ನಿರ್ವಹಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಒಮ್ಮೆ ಗುರುತ್ವ ಎಂದೂ ಇನ್ನೊಮ್ಮೆ ಗುರುತ್ವಾಕರ್ಷಣೆ ಎಂದೂ ಬರೆದರೆ ಯಂತ್ರವು ಅವನ್ನು ಎರಡು ಟ್ಯಾಗುಗಳೆಂದೇ ಎಣಿಸುತ್ತದೆ. ಆದ್ದರಿಂದ ವರ್ಷದ ಆರಂಭದಲ್ಲಿಯೇ ಟ್ಯಾಗುಗಳ ಪಟ್ಟಿಯೊಂದನ್ನು ಗೊತ್ತುಮಾಡಿಕೊಂಡು ಅದನ್ನು ಪಾಲಿಸುವುದು ಲೇಸು.

ಪರ್ಮಲಿಂಕ್ ಮತ್ತು ಸ್ಲಗ್

ಬ್ಲಾಗಿನ ಮುಖಪುಟ ದಿನದಿನವೂ ಬದಲಾಗುತ್ತದೆ. ಇಂದು ಅಲ್ಲಿ ಕಂಡ ಪೋಸ್ಟು ಮುಂದಿನ ತಿಂಗಳು ಅಲ್ಲಿರುವುದಿಲ್ಲ. ಆದ್ದರಿಂದ ಪ್ರತಿಯೊಂದು ಪೋಸ್ಟಿಗೂ ಅದರದೇ ಆದ ಸ್ಥಿರವಿಳಾಸವಿರಬೇಕಾಗುತ್ತದೆ. ಇದೇ ಪರ್ಮಲಿಂಕ್. ಫ್ಯಾರಡೆಯು ತನ್ನ ಕಂಡಿಕೆಗಳಿಗೆ ಕೊಟ್ಟ ಅನುಕ್ರಮ ಸಂಖ್ಯೆಯು ಮಾಡಿದ ಕೆಲಸವನ್ನೇ ಇದು ಮಾಡುತ್ತದೆ. ಅಧ್ಯಾಪಕರಿಗೆ ಬರಹವನ್ನು ತೋರಿಸುವಾಗ ಮುಖಪುಟದ ವಿಳಾಸವನ್ನಲ್ಲ, ಪರ್ಮಲಿಂಕನ್ನೇ ಕೊಡಬೇಕು. ಒಂದು ಬರಹದಿಂದ ಇನ್ನೊಂದಕ್ಕೆ ಹಾಕುವ ದಾರಿಗೆ ಲಿಂಕ್ ಅಥವಾ ಕೊಂಡಿ ಎಂದು ಹೆಸರು; ಆ ಕೊಂಡಿಯು ಪರ್ಮಲಿಂಕಿಗೆ ಸಿಕ್ಕಿಸಿದ್ದರೆ ಮಾತ್ರ ಬಾಳುತ್ತದೆ.

ಪರ್ಮಲಿಂಕಿನ ಕೊನೆಯಲ್ಲಿ ಪೋಸ್ಟಿನ ಶೀರ್ಷಿಕೆಯಿಂದ ಮಾಡಿದ ಚಿಕ್ಕ ಭಾಗವೊಂದಿರುತ್ತದೆ. ಅದಕ್ಕೆ ಸ್ಲಗ್ ಎನ್ನುತ್ತಾರೆ. ಅಚ್ಚುಕೂಟದಲ್ಲಿ, ವೃತ್ತಪತ್ರಿಕೆಯ ಕಚೇರಿಯಲ್ಲಿ ಲೇಖನವೊಂದನ್ನು ಗುರುತಿಸಲು ಬಳಸುತ್ತಿದ್ದ ಚಿಕ್ಕ ಹೆಸರಿನಿಂದ ಈ ಮಾತು ಬಂದಿದೆ.

ಕನ್ನಡದಲ್ಲಿ ಬರೆಯುವವರು ಸ್ಲಗ್ಗಿನ ವಿಷಯದಲ್ಲಿ ಒಂದು ಲೆಕ್ಕವನ್ನು ಅರಿತಿರಬೇಕು. ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ಲೋಕದ ಪ್ರತಿಯೊಂದು ಲಿಪಿಯ ಪ್ರತಿಯೊಂದು ಚಿಹ್ನೆಗೂ ಒಂದೊಂದು ಸಂಖ್ಯೆಯುಂಟು. ಕನ್ನಡಕ್ಕಾಗಿ ೧೨೮ ಸ್ಥಾನಗಳು ಮೀಸಲಾಗಿವೆ. ಜಾಲದಲ್ಲಿ ರೂಢಿಯಲ್ಲಿರುವ ಯುಟಿಎಫ್-೮ ಪದ್ಧತಿಯಂತೆ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಸಾಕು. ಕನ್ನಡದ ಪ್ರತಿಯೊಂದು ಚಿಹ್ನೆಗೆ ಮೂರು ಬೈಟು ಬೇಕು. ಜಾಲವಿಳಾಸದೊಳಗೆ ಈ ಬೈಟುಗಳನ್ನು ನೇರವಾಗಿ ಬರೆಯುವಂತಿಲ್ಲ. ಒಂದೊಂದನ್ನೂ ಶೇಕಡಾ ಚಿಹ್ನೆ ಮತ್ತು ಎರಡು ಅಂಕಿಗಳು, ಹೀಗೆ ಮೂರು ಗುರುತುಗಳಿಂದ ಸೂಚಿಸಬೇಕು. ಆದಕಾರಣ ಕನ್ನಡದ ಒಂದು ಚಿಹ್ನೆಯು ಒಂಬತ್ತು ಗುರುತುಗಳಾಗಿ ಉಬ್ಬುತ್ತದೆ. ಬೆಳಕು ಎಂಬ ಪದವನ್ನು ತೆಗೆದುಕೊಳ್ಳಿ. ಬ, ಎತ್ವ, ಳ, ಕ, ಕೊಂಬು, ಒಟ್ಟು ಐದು ಚಿಹ್ನೆಗಳು. ವಿಳಾಸದಲ್ಲಿ ಇದು ೪೫ ಗುರುತುಗಳಷ್ಟು ಸ್ಥಳವನ್ನು ಆಕ್ರಮಿಸುತ್ತದೆ. ವರ್ಡ್‌ಪ್ರೆಸ್ಸಿನಲ್ಲಿ ಸ್ಲಗ್ಗಿಗೆ ಇರುವ ಮಿತಿ ೨೦೦ ಗುರುತುಗಳು. ಎಂದರೆ ಸುಮಾರು ೨೨ ಕನ್ನಡ ಚಿಹ್ನೆಗಳು. ಶೀರ್ಷಿಕೆ ಉದ್ದವಾದರೆ ಸ್ಲಗ್ಗು ನಡುವೆಯೇ ಕತ್ತರಿಸಿಹೋಗುತ್ತದೆ. ಕನ್ನಡ ಬರಹದ ವಿಳಾಸಗಳು ಶೇಕಡಾ ಚಿಹ್ನೆಗಳ ಸರಮಾಲೆಯಂತೆ ಏಕೆ ಕಾಣುತ್ತವೆ ಎಂಬುದಕ್ಕೆ ಇದೇ ಕಾರಣ. ಶೀರ್ಷಿಕೆಯನ್ನು ಕನ್ನಡದಲ್ಲಿಯೇ ಇಟ್ಟು, ಸ್ಲಗ್ಗನ್ನು ಮಾತ್ರ ಚಿಕ್ಕದಾಗಿ ಕೈಯಿಂದ ಬರೆದರೆ ತೊಂದರೆ ತಪ್ಪುತ್ತದೆ. ಇದನ್ನು ಪ್ರಕಟಿಸುವ ಮೊದಲೇ ಮಾಡಬೇಕು. ಪ್ರಕಟವಾದ ಬಳಿಕ ಸ್ಲಗ್ಗನ್ನು ಬದಲಿಸುವುದು ಮನೆಯ ಬಾಗಿಲಿನ ಸಂಖ್ಯೆಯನ್ನು ಬದಲಿಸಿದಂತೆ. ಹಳೆಯ ವಿಳಾಸ ಹಿಡಿದು ಬಂದವರು ದಾರಿ ತಪ್ಪಬಹುದು.

ಥೀಮ್ ಮತ್ತು ಆಲ್ಟ್ ಪಠ್ಯ

ಥೀಮ್ ಎಂದರೆ ಬ್ಲಾಗಿನ ವೇಷ: ಬಣ್ಣ, ಅಕ್ಷರದ ಗಾತ್ರ, ಅಂಕಣಗಳ ಜೋಡಣೆ ಇತ್ಯಾದಿ. ಬರಹವು ವೇದಿಕೆಯ ದತ್ತಸಂಚಯದಲ್ಲಿ ಒಂದು ಕಡೆ, ವೇಷವು ಇನ್ನೊಂದು ಕಡೆ ಇರುತ್ತವೆ. ಓದುಗನು ಕೇಳಿದಾಗ ಮಾತ್ರ ಎರಡೂ ಕೂಡಿ ಪುಟವಾಗುತ್ತದೆ. ಆದ್ದರಿಂದ ಥೀಮನ್ನು ಬದಲಿಸಿದರೆ ಬರಹಗಳು ನಾಶವಾಗುವುದಿಲ್ಲ. ಮುಖ್ಯ ಅಂಕಣದ ಪಕ್ಕದಲ್ಲಿ ಆರ್ಕೈವಿನ ಪಟ್ಟಿ, ಹುಡುಕುವ ಪೆಟ್ಟಿಗೆ ಮುಂತಾದ ಚಿಕ್ಕ ಉಪಕರಣಗಳನ್ನು ಇಡಬಹುದು. ಅವುಗಳಿಗೆ ವಿಜೆಟ್ ಎಂದು ಹೆಸರು. ವೇಷವನ್ನು ಆರಿಸುವುದರಲ್ಲಿಯೇ ವಾರ ಕಳೆಯುವ ವಿದ್ಯಾರ್ಥಿಗಳುಂಟು. ದಾಖಲೆ ಪುಸ್ತಕಕ್ಕೆ ಬಣ್ಣದ ರಟ್ಟು ಹಾಕಿದ ಮಾತ್ರಕ್ಕೆ ಅಂಕ ಹೆಚ್ಚುವುದಿಲ್ಲವೆಂಬುದನ್ನು ಅವರು ನೆನೆಯಬೇಕು.

ಚಿತ್ರವನ್ನು ಸೇರಿಸುವಾಗ ಆಲ್ಟ್ ಪಠ್ಯ ಎಂಬ ಪೆಟ್ಟಿಗೆಯೊಂದು ಕಾಣುತ್ತದೆ. ಚಿತ್ರದಲ್ಲಿ ಏನಿದೆಯೆಂಬುದನ್ನು ಅಲ್ಲಿ ಮಾತಿನಲ್ಲಿ ಬರೆಯಬೇಕು. ದೃಷ್ಟಿಯಿಲ್ಲದವರಿಗೆ ಪುಟವನ್ನು ಓದಿ ಹೇಳುವ ತಂತ್ರಾಂಶವು ಈ ಮಾತನ್ನೇ ಓದುತ್ತದೆ. "ನಕ್ಷೆ" ಎಂದಷ್ಟೇ ಬರೆದರೆ ಸಾಲದು. "ಲೋಲಕದ ಉದ್ದ ಹೆಚ್ಚಿದಂತೆ ಆವರ್ತಕಾಲದ ವರ್ಗವು ಸರಳರೇಖೆಯಲ್ಲಿ ಹೆಚ್ಚುವ ನಕ್ಷೆ" ಎಂದು ಬರೆದರೆ ಕೇಳುವವರಿಗೂ ತಿಳಿಯುತ್ತದೆ, ಬರೆಯುವವರಿಗೂ ನಕ್ಷೆಯ ಅರ್ಥ ಮನದಟ್ಟಾಗುತ್ತದೆ.

ಕಾಮೆಂಟ್ ಮತ್ತು ಫೀಡ್

ಪೋಸ್ಟಿನ ಕೆಳಗೆ ಓದುಗರು ಬರೆಯುವ ಮಾತು ಕಾಮೆಂಟ್, ಎಂದರೆ ಟಿಪ್ಪಣಿ. ಟಿಪ್ಪಣಿಯನ್ನು ಪ್ರಕಟವಾಗುವ ಮೊದಲು ಬ್ಲಾಗಿನ ಒಡೆಯನು ಪರಿಶೀಲಿಸಿ ಒಪ್ಪಿಗೆ ಕೊಡುವ ಏರ್ಪಾಡಿಗೆ ಮಾಡರೇಷನ್ ಎಂದು ಹೆಸರು. ಯಂತ್ರಗಳು ಜಾಹೀರಾತಿಗಾಗಿ ರಾಶಿರಾಶಿಯಾಗಿ ತುಂಬುವ ಕಸದ ಟಿಪ್ಪಣಿಗಳನ್ನು ಸ್ಪ್ಯಾಮ್ ಎನ್ನುತ್ತಾರೆ. ಮಾಡರೇಷನ್ ಇದ್ದರೆ ಅವು ಒಳಗೆ ಬರುವುದಿಲ್ಲ.

ಒಂದು ತರಗತಿಯಲ್ಲಿ ೪೦ ವಿದ್ಯಾರ್ಥಿಗಳಿದ್ದು ಎಲ್ಲರೂ ದಿನಚರಿ ಬರೆಯುತ್ತಾರೆಂದು ಭಾವಿಸೋಣ. ಅಧ್ಯಾಪಕರು ದಿನವೂ ೪೦ ವಿಳಾಸಗಳಿಗೆ ಹೋಗಿ ನೋಡುವುದು ಸಾಧ್ಯವೆ? ಈ ತೊಡಕಿಗೆ ಪರಿಹಾರವೇ ಫೀಡ್. ಹೊಸ ಪೋಸ್ಟುಗಳ ಶೀರ್ಷಿಕೆ, ತಾರೀಖು, ಪಠ್ಯಗಳನ್ನು ವೇಷವಿಲ್ಲದೆ, ಯಂತ್ರವು ಓದಬಲ್ಲ ರೂಪದಲ್ಲಿ ಬರೆದ ಕಡತವೇ ಇದು. ಆರ್‌ಎಸ್‌ಎಸ್ ಎಂಬ ರೂಪವು ೧೯೯೯ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ಹುಟ್ಟಿತು. ಫೀಡ್ ಓದುವ ತಂತ್ರಾಂಶಕ್ಕೆ ೪೦ ಫೀಡುಗಳ ವಿಳಾಸಗಳನ್ನು ಒಮ್ಮೆ ಕೊಟ್ಟರೆ ಸಾಕು. ಯಾರು ಹೊಸತನ್ನು ಬರೆದರೂ ಅದು ಒಂದೇ ಪಟ್ಟಿಯಲ್ಲಿ ಬಂದು ಸೇರುತ್ತದೆ. ಚಂದಾದಾರರ ಮನೆಗೆ ಮಾಸಪತ್ರಿಕೆಯು ಬಂದು ತಲುಪುವಂತೆಯೇ ಇದು. ಆದರೆ ಅಂಚೆಯಲ್ಲಿ ಹೋದ ಪತ್ರಿಕೆಯನ್ನು ಹಿಂದಕ್ಕೆ ಪಡೆಯಲಾಗದಂತೆ, ಫೀಡಿನ ಮೂಲಕ ಹೊರಟ ಬರಹದ ನಕಲನ್ನೂ ಹಿಂದಕ್ಕೆ ಪಡೆಯಲಾಗುವುದಿಲ್ಲ. ನೀವು ಮೂಲವನ್ನು ಅಳಿಸಿದರೂ ಓದುಗರ ಬಳಿ ಅದು ಉಳಿದಿರಬಹುದು.

ತಿದ್ದುಪಡಿಯ ಪ್ರಶ್ನೆ

ಈಗ ಅತ್ಯಂತ ಮುಖ್ಯವಾದ ವಿಚಾರಕ್ಕೆ ಬರೋಣ. ಮೇಲೆ ಹೇಳಿದ ವಿದ್ಯಾರ್ಥಿನಿಯು ಲೋಲಕದ ಉದ್ದವನ್ನು ೧೦೦.೦ ಸೆಂಟಿಮೀಟರ್ ಎಂದು ಅಳೆದಳು. ೨೦ ಆಂದೋಲನಗಳಿಗೆ ೪೦.೪ ಸೆಕೆಂಡು ಹಿಡಿಯಿತು. ಎಂದರೆ ಆವರ್ತಕಾಲ ೨.೦೨ ಸೆಕೆಂಡು. ಲೆಕ್ಕಮಾಡಿದಾಗ ಗುರುತ್ವ ವೇಗೋತ್ಕರ್ಷವು ಸೆಕೆಂಡಿನ ವರ್ಗಕ್ಕೆ ೯.೬೮ ಮೀಟರ್ ಎಂದು ಬಂದಿತು. ಅವಳು ಅದನ್ನೇ ಪ್ರಕಟಿಸಿದಳು. ಬೆಂಗಳೂರಿನಲ್ಲಿ ಈ ಬೆಲೆ ಸುಮಾರು ೯.೭೮ ಇರುತ್ತದೆಂದು ಮರುದಿನ ತಿಳಿಯಿತು. ಮತ್ತೆ ಪರಿಶೀಲಿಸಿದಾಗ, ಉದ್ದವನ್ನು ಗುಂಡಿನ ಕೇಂದ್ರದವರೆಗೆ ಅಳೆಯದೆ ಅದರ ಮೇಲ್ತುದಿಯವರೆಗೆ ಮಾತ್ರ ಅಳೆದದ್ದು ಗೊತ್ತಾಯಿತು. ಗುಂಡಿನ ತ್ರಿಜ್ಯ ೧.೨ ಸೆಂಟಿಮೀಟರ್. ಉದ್ದವನ್ನು ೧೦೧.೨ ಎಂದು ಹಿಡಿದರೆ ಬೆಲೆಯು ೯.೭೯ ಆಗುತ್ತದೆ.

ಅವಳು ಈಗ ಏನು ಮಾಡಬೇಕು? ಹಳೆಯ ಪೋಸ್ಟನ್ನು ತೆರೆದು, ೯.೬೮ನ್ನು ಅಳಿಸಿ, ೯.೭೯ ಎಂದು ಬರೆದುಬಿಡುವುದು ಅತಿ ಸುಲಭ. ಓದುಗನಿಗೆ ಕಲೆಯೂ ಕಾಣದು. ಆದರೆ ಹಾಗೆ ಮಾಡಿದರೆ ಕಲಿಕೆಯ ದಿನಚರಿಯಲ್ಲಿ ಕಲಿಕೆಯೇ ಮಾಯವಾಗುತ್ತದೆ. ಉದ್ದವನ್ನು ಗುಂಡಿನ ಕೇಂದ್ರದವರೆಗೆ ಏಕೆ ಅಳೆಯಬೇಕೆಂಬ ಪಾಠ ಇರುವುದು ೯.೭೯ರಲ್ಲಿ ಅಲ್ಲ, ೯.೬೮ರಿಂದ ೯.೭೯ಕ್ಕೆ ಬಂದ ದಾರಿಯಲ್ಲಿ. ಕಾಗದದ ದಾಖಲೆಯಲ್ಲಿ ತಪ್ಪು ಸಂಖ್ಯೆಯನ್ನು ಒಂದೇ ಗೆರೆಯಿಂದ ಹೊಡೆದುಹಾಕಿ, ಅದು ಓದಲು ಬರುವಂತೆಯೇ ಉಳಿಸಿ, ಪಕ್ಕದಲ್ಲಿ ಸರಿಯಾದುದನ್ನು ತಾರೀಖಿನೊಡನೆ ಬರೆಯಬೇಕೆಂಬುದು ಪ್ರಯೋಗಶಾಲೆಯ ನಿಯಮ. ಇಲ್ಲಿಯೂ ಅದನ್ನೇ ಪಾಲಿಸತಕ್ಕದ್ದು. ಹೊಡೆದುಹಾಕಿದ ಅಕ್ಷರವನ್ನು ತೋರಿಸುವ ಸೌಕರ್ಯ ವೇದಿಕೆಗಳಲ್ಲಿದೆ. ಅದರ ಕೆಳಗೆ "ತಿದ್ದುಪಡಿ" ಎಂದು ಬರೆದು ತಾರೀಖು ಹಾಕಿದರಾಯಿತು.

ವರ್ಡ್‌ಪ್ರೆಸ್ಸಿನಲ್ಲಿ ರಿವಿಷನ್ ಎಂಬ ಏರ್ಪಾಡುಂಟು. ಬರಹದ ಹಿಂದಿನ ಪಾಠಗಳನ್ನು ಅದು ಕಾದಿಡುತ್ತದೆ. ಇದರ ಪ್ರಯೋಜನ ದೊಡ್ಡದಾದರೂ ಆ ಪಾಠಗಳು ಕಾಣುವುದು ಡ್ಯಾಶ್‌ಬೋರ್ಡಿನ ಒಳಗೆ ಮಾತ್ರ. ಮತ್ತೊಂದು ವಿಷಯವನ್ನು ಎಲ್ಲರೂ ತಿಳಿದಿರಬೇಕು. ಪೋಸ್ಟಿನ ಮೇಲೆ ಕಾಣುವ ತಾರೀಖನ್ನು ಬರಹಗಾರನು ತನ್ನ ಇಷ್ಟದಂತೆ ಹಿಂದಕ್ಕೂ ಮುಂದಕ್ಕೂ ಬದಲಿಸಬಹುದು. ಆದಕಾರಣ ಬ್ಲಾಗಿನ ತಾರೀಖು ತಾನಾಗಿಯೇ ಸಾಕ್ಷ್ಯವಾಗಲಾರದು. ಅದಕ್ಕೆ ಬೆಲೆ ಬರುವುದು ಬರೆದವರ ಪ್ರಾಮಾಣಿಕತೆಯಿಂದ. ಪರೀಕ್ಷೆಯ ಹಿಂದಿನ ರಾತ್ರಿ ೨೦ ಪೋಸ್ಟುಗಳನ್ನು ಬರೆದು ೨೦ ವಾರಗಳ ತಾರೀಖು ಹಾಕುವುದನ್ನು ಯಂತ್ರವು ತಡೆಯುವುದಿಲ್ಲ. ಆದರೆ ಅಂತಹ ದಿನಚರಿಯಿಂದ ಬರೆದವನಿಗೇ ಯಾವ ಉಪಕಾರವೂ ಆಗುವುದಿಲ್ಲ.

ಯಾರು ನೋಡಬಹುದು?

ಪ್ರಕಟಣೆಯಲ್ಲಿಯೂ ಅಂತರಗಳುಂಟು. ಪಬ್ಲಿಕ್ ಎಂದರೆ ಲೋಕದಲ್ಲಿ ಯಾರು ಬೇಕಾದರೂ ನೋಡಬಹುದು. ಪಾಸ್‌ವರ್ಡ್ ಇಟ್ಟರೆ ಗುಪ್ತಪದವನ್ನು ಬಲ್ಲವರು ಮಾತ್ರ ನೋಡಬಹುದು. ಪ್ರೈವೇಟ್ ಎಂದರೆ ಬ್ಲಾಗಿನ ಒಡೆಯನೂ ಅವನು ಅಧಿಕಾರ ಕೊಟ್ಟವರೂ ಮಾತ್ರ ನೋಡಬಹುದು. ಪ್ರೈವೇಟ್ ಬರಹ ಪೂರ್ಣವಾದ ಬರಹ. ಅದಕ್ಕೆ ಓದುಗರ ಮಿತಿಯುಂಟು, ಅಷ್ಟೇ. ಡ್ರಾಫ್ಟಾದರೋ ಇನ್ನೂ ಮುಗಿಯದ ಬರಹ. ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಇದೇ ಉತ್ತರ.

ತರಗತಿಗೆಲ್ಲ ಒಂದೇ ಬ್ಲಾಗಿದ್ದಾಗ ರೋಲ್ ಎಂಬ ಪದ ಬರುತ್ತದೆ. ಎಂದರೆ ಪಾತ್ರ ಅಥವಾ ಅಧಿಕಾರ. ವರ್ಡ್‌ಪ್ರೆಸ್ಸಿನಲ್ಲಿ ಅಡ್ಮಿನಿಸ್ಟ್ರೇಟರಿಗೆ ಸರ್ವಾಧಿಕಾರವುಂಟು. ಎಡಿಟರನು ಎಲ್ಲರ ಬರಹಗಳನ್ನೂ ತಿದ್ದಿ ಪ್ರಕಟಿಸಬಹುದು. ಆಥರನು ತನ್ನ ಬರಹವನ್ನು ಮಾತ್ರ ಪ್ರಕಟಿಸಬಹುದು. ಕಾಂಟ್ರಿಬ್ಯೂಟರನು ಬರೆಯಬಹುದು, ಆದರೆ ಪ್ರಕಟಿಸಲು ಇನ್ನೊಬ್ಬರ ಒಪ್ಪಿಗೆ ಬೇಕು. ಪ್ರೌಢಶಾಲೆಯ ತರಗತಿಯಲ್ಲಿ ವಿದ್ಯಾರ್ಥಿಗಳಿಗೆ ಕಾಂಟ್ರಿಬ್ಯೂಟರಿನ ಪಾತ್ರವನ್ನೂ ಅಧ್ಯಾಪಕರಿಗೆ ಎಡಿಟರಿನ ಪಾತ್ರವನ್ನೂ ಕೊಡುವುದು ಸಮಂಜಸ.

ಪಬ್ಲಿಕ್ ದಿನಚರಿಯಲ್ಲಿ ಮನೆಯ ವಿಳಾಸ, ದೂರವಾಣಿಯ ಸಂಖ್ಯೆ, ಸಹಪಾಠಿಯ ಅಂಕಗಳು, ಒಪ್ಪಿಗೆ ಪಡೆಯದೆ ತೆಗೆದ ಭಾವಚಿತ್ರಗಳು ಇವು ಎಂದಿಗೂ ಇರಕೂಡದು. ಇತರರ ಚಿತ್ರವನ್ನು ಬಳಸುವಾಗ ಅದರ ಪರವಾನಗಿಯನ್ನು ನೋಡಬೇಕು. ಕ್ರಿಯೇಟಿವ್ ಕಾಮನ್ಸ್ ಎಂಬ ಸಂಸ್ಥೆಯು ೨೦೦೨ರಲ್ಲಿ ಹೊರತಂದ ಪರವಾನಗಿಗಳಲ್ಲಿ ಬಹುತೇಕವು ಮೂಲಕರ್ತನ ಹೆಸರನ್ನು ಹೇಳಿ ಬಳಸಲು ಅನುಮತಿ ಕೊಡುತ್ತವೆ. ಪರವಾನಗಿಯಿಲ್ಲದ ಚಿತ್ರಕ್ಕಿಂತ ಕೈಯಿಂದ ಬರೆದ ರೇಖಾಚಿತ್ರವೇ ಮೇಲು.

ರಫ್ತು ಮತ್ತು ನಕಲು

ಕೊನೆಯ ಪದ ಎಕ್ಸ್‌ಪೋರ್ಟ್, ಎಂದರೆ ರಫ್ತು. ಬ್ಲಾಗಿನ ಬರಹಗಳನ್ನೆಲ್ಲ ಒಂದು ಕಡತವಾಗಿ ಕಟ್ಟಿ ನಿಮ್ಮ ಗಣಕಯಂತ್ರಕ್ಕೆ ಇಳಿಸಿಕೊಳ್ಳುವ ಕ್ರಿಯೆಯಿದು. ಇದರ ಅಗತ್ಯವೇನೆಂದು ಕೇಳಬಹುದು. ಲಕ್ಷಗಟ್ಟಲೆ ಜನರ ಪುಟಗಳಿಗೆ ಆಶ್ರಯ ಕೊಟ್ಟಿದ್ದ ಜಿಯೋಸಿಟೀಸ್ ಎಂಬ ತಾಣವನ್ನು ಅದರ ಒಡೆತನದ ಯಾಹೂ ಸಂಸ್ಥೆಯು ೨೦೦೯ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಮುಚ್ಚಿತು. ಪೋಸ್ಟರಸ್ ಎಂಬ ಬ್ಲಾಗ್ ವೇದಿಕೆಯು ೨೦೧೩ರ ಏಪ್ರಿಲ್ ೩೦ರಂದು ನಿಂತುಹೋಯಿತು. ಫೀಡುಗಳನ್ನು ಓದಲು ಬಹು ಜನರು ನೆಚ್ಚಿದ್ದ ಗೂಗಲ್ ರೀಡರ್ ಅದೇ ವರ್ಷದ ಜುಲೈ ಆರಂಭದಲ್ಲಿ ಇಲ್ಲವಾಯಿತು. ಬಾಡಿಗೆಯ ಮನೆಯ ಉಪಮಾನವನ್ನು ಇಲ್ಲಿ ನೆನೆಯಬೇಕು: ಮನೆಯನ್ನು ಬಿಡುವಾಗ ಸಾಮಾನನ್ನು ಹೊರತರುವ ಹೊಣೆ ಬಾಡಿಗೆಯವನದೇ.

ರಫ್ತಿನಲ್ಲಿಯೂ ಒಂದು ಸೂಕ್ಷ್ಮವುಂಟು. ವರ್ಡ್‌ಪ್ರೆಸ್ಸಿನ ರಫ್ತು ಕಡತದಲ್ಲಿ ಬರಹ, ತಾರೀಖು, ಕೆಟಗರಿ, ಟ್ಯಾಗ್, ಕಾಮೆಂಟುಗಳು ಇರುತ್ತವೆ; ಆದರೆ ಚಿತ್ರಗಳ ವಿಳಾಸಗಳು ಮಾತ್ರ ಇರುತ್ತವೆಯೇ ಹೊರತು ಚಿತ್ರಗಳೇ ಇರುವುದಿಲ್ಲ. ಆದ್ದರಿಂದ ನಕ್ಷೆ, ಭಾವಚಿತ್ರಗಳ ಮೂಲವನ್ನು ಪ್ರತ್ಯೇಕವಾಗಿ ಕಾದಿರಿಸಬೇಕು. ತಿಂಗಳಿಗೊಮ್ಮೆ ರಫ್ತು ಮಾಡಿ, ಒಂದು ಪ್ರತಿಯನ್ನು ಗಣಕಯಂತ್ರದಲ್ಲಿಯೂ ಇನ್ನೊಂದನ್ನು ಬೇರೊಂದು ಸಾಧನದಲ್ಲಿಯೂ ಇಟ್ಟರೆ ಸಾಕು.

ಇಷ್ಟು ಪರಿಭಾಷೆಯನ್ನು ತಿಳಿದ ವಿದ್ಯಾರ್ಥಿಯು ಧೈರ್ಯವಾಗಿ ದಿನಚರಿಯನ್ನು ಆರಂಭಿಸಬಹುದು. ಮೊದಲ ವಾರಕ್ಕೆ ಒಂದು ಪೇಜ್, ಒಂದು ಪೋಸ್ಟ್, ಒಂದು ಕೆಟಗರಿ, ಎರಡು ಟ್ಯಾಗುಗಳಿದ್ದರೆ ಆಯಿತು. ಪೋಸ್ಟಿನಲ್ಲಿ ಮೂರು ಮಾತುಗಳಿರಲಿ: ಈ ದಿನ ಏನು ಮಾಡಿದೆ, ಏನು ತಿಳಿಯಿತು, ಏನು ಇನ್ನೂ ತಿಳಿಯಲಿಲ್ಲ. ಮೂರನೆಯದನ್ನು ಬರೆಯಲು ಸಂಕೋಚಪಡಬಾರದು. ವರ್ಷದ ಕೊನೆಯಲ್ಲಿ ಹಿಂದಿರುಗಿ ನೋಡಿದಾಗ, ಅಂದು ತಿಳಿಯದೆ ಉಳಿದ ಪ್ರಶ್ನೆಗಳಲ್ಲಿ ಎಷ್ಟಕ್ಕೆ ಉತ್ತರ ದೊರೆತಿದೆ ಎಂಬ ಎಣಿಕೆಯಿಂದಲೇ ವಿದ್ಯಾರ್ಥಿಯು ತನ್ನ ಪ್ರಗತಿಯನ್ನು ತಾನೇ ಅಳೆದುಕೊಳ್ಳಬಹುದು.